ಬೇಲಿಯ ಗೌರಿ ಹೂವೂ ಸೀಸೆಯ ಸಸಿಯೂ



ಶ್ರಾವಣ ಹಿಡಿಯುವ ಹೊತ್ತಿಗೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳೆಯ ಬೇಲಿಗಳ ಮೇಲೆ ಒಂದು ಬಳ್ಳಿ ಹತ್ತಿಕೊಂಡಿರುತ್ತದೆ. ಎಲೆಯ ತುದಿಯನ್ನೇ ಬೆರಳಿನಂತೆ ಸುರುಳಿ ಮಾಡಿ ಕಳ್ಳಿಯನ್ನೋ ಲಂಟಾನವನ್ನೋ ಹಿಡಿದು ಮೇಲಕ್ಕೇರುತ್ತದೆ. ಹೂವಿನ ಆರು ಎಸಳುಗಳು ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಡದ ಕೆಂಪು. ಎಸಳೆಲ್ಲ ಮೇಲ್ಮುಖವಾಗಿ ಅಂಕುಡೊಂಕಾಗಿ ನಿಂತಿರುವುದನ್ನು ನೋಡಿದರೆ ಒಲೆಯ ಉರಿಯ ನೆನಪಾಗುತ್ತದೆ. ಇದೇ ಗೌರಿ ಹೂ. ಪಂಡಿತರು ಇದನ್ನು ಅಗ್ನಿಶಿಖೆ ಎನ್ನುತ್ತಾರೆ.

ಈ ಹೂವಿನ ಚರಿತ್ರೆಯನ್ನು ತಮ್ಮ ಮುಂದಿಡಬೇಕೆಂದು ಈ ಲೇಖನ. ಹೂವಿನ ಕಥೆ ಹೇಳಿ ನಮಗೇನು ಪ್ರಯೋಜನ, ಹೊಗೆಸೊಪ್ಪಿನ ಮಾತಾಡಿ, ಶುಂಠಿಯ ಮಾತಾಡಿ ಎಂದು ಯಾರಾದರೂ ಕೇಳಬಹುದು. ತಾಳಿ, ಹೊಗೆಸೊಪ್ಪಿನ ಮಾತೂ ಬರುತ್ತದೆ. ಈ ಬೇಲಿಯ ಹೂವನ್ನು ಉಳಿಸುವ ವಿದ್ಯೆಯನ್ನು ವಿಜ್ಞಾನಿಗಳಿಗೆ ಬಹುಮಟ್ಟಿಗೆ ಕಲಿಸಿಕೊಟ್ಟದ್ದೇ ನಮ್ಮ ಹೊಲದ ಹೊಗೆಸೊಪ್ಪು. ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಹೆಸರು ಬಂದ ಬಗೆ

ಸಂಸ್ಕೃತದಲ್ಲಿ ಈ ಬಳ್ಳಿಗೆ ಲಾಂಗಲೀ ಎಂಬ ಹೆಸರು. ಲಾಂಗಲ ಎಂದರೆ ನೇಗಿಲು. ಗೆಡ್ಡೆಯನ್ನು ಅಗೆದು ಕೈಯಲ್ಲಿ ಹಿಡಿದವರಿಗೆ ಹೆಸರಿನ ಅರ್ಥ ತಾನೇ ಹೊಳೆಯುತ್ತದೆ. ಎರಡು ಕವಲು ಬಾಗಿ ಕೂಡಿರುವ ಆ ಗೆಡ್ಡೆ ಒಂದು ಪುಟ್ಟ ನೇಗಿಲಿನ ಹಾಗೆಯೇ ಕಾಣುತ್ತದೆ. ನಮ್ಮ ಹಿಂದಿನ ವೈದ್ಯರು ಇದನ್ನು ಎಕ್ಕ, ಉಮ್ಮತ್ತಿ, ಗುಲಗಂಜಿಗಳ ಜೊತೆಗೆ ಉಪವಿಷಗಳ ಪಟ್ಟಿಯಲ್ಲಿ ಸೇರಿಸಿದರು. ಎಂದರೆ, ಶುದ್ಧಿ ಮಾಡಿದರೆ ಮದ್ದು, ಇಲ್ಲವಾದರೆ ವಿಷ ಎಂಬುದು ಅವರಿಗೆ ಗೊತ್ತಿತ್ತು.

ಭಾದ್ರಪದದಲ್ಲಿ ಗೌರಿ ಹಬ್ಬದ ಸುಮಾರಿಗೆ ಅರಳುವುದರಿಂದ ನಮ್ಮ ಕಡೆ ಗೌರಿ ಹೂ ಆಯಿತು. ಪಿರಿಯಾಪಟ್ಟಣದ ಗಡಿ ದಾಟಿ ಕೊಡಗಿಗೆ ಹೋದರೆ ಇದೇ ಹೂವಿಗೆ ತೋಕ್ ಪೂ, ಅಂದರೆ ಕೋವಿ ಹೂ ಎನ್ನುತ್ತಾರೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದ ದಿನ ಆಯುಧಗಳನ್ನು ಪೂಜೆಗಿಟ್ಟು, ಕೋವಿಯ ಬಾಯಿಗೆ ಈ ಹೂವನ್ನು ಸಿಕ್ಕಿಸುವುದು ಅಲ್ಲಿನ ಪದ್ಧತಿ. ತಮಿಳುನಾಡಿನಲ್ಲಿ ಕಾಂದಳ್ ಎಂದು ಕರೆಯುತ್ತಾರೆ. ಆ ರಾಜ್ಯದ ರಾಜ್ಯಪುಷ್ಪವೇ ಇದು. ಆಫ್ರಿಕದ ಜಿಂಬಾಬ್ವೆ ದೇಶಕ್ಕೂ ಇದೇ ರಾಷ್ಟ್ರಪುಷ್ಪ.

ಪಾಶ್ಚಾತ್ಯರ ಪುಸ್ತಕಗಳಲ್ಲಿಯೂ ಈ ಬಳ್ಳಿ ಬಹಳ ಹಿಂದೆಯೇ ಸೇರಿತು. ಕೊಚ್ಚಿಯ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬುವನು ಅಲ್ಲಿನ ವೈದ್ಯರ ನೆರವಿನಿಂದ ಮಲೆಯಾಳ ಸೀಮೆಯ ಗಿಡಮರಗಳನ್ನು ಕುರಿತು ‘ಹೋರ್ತುಸ್ ಮಲಬಾರಿಕುಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದನು. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಏಳನೆಯ ಸಂಪುಟದಲ್ಲಿ ಮೇಂದೋನಿ ಎಂಬ ಮಲೆಯಾಳದ ಹೆಸರಿನಲ್ಲಿ ಇದರ ಚಿತ್ರವಿದೆ. ಮುಂದೆ 1753ರಲ್ಲಿ ಲಿನೇಯಸ್ ಇದಕ್ಕೆ ಗ್ಲೋರಿಯೋಸ ಸುಪರ್ಬ ಎಂದು ಹೆಸರಿಟ್ಟನು. ಇಂದಿಗೂ ವಿಜ್ಞಾನದಲ್ಲಿ ಅದೇ ಹೆಸರು.

ಗೆಡ್ಡೆಯ ಗುಣ

ಇದು ಅಳಿವಿನ ದಾರಿ ಹಿಡಿಯಲು ಕಾರಣವೇನೆಂದು ತಿಳಿಯಬೇಕಾದರೆ ಗೆಡ್ಡೆಯ ಗುಣ ಮೊದಲು ತಿಳಿಯಬೇಕು.

ಬೇಸಿಗೆಯಲ್ಲಿ ಮೇಲಿನ ಬಳ್ಳಿ ಒಣಗಿ ಹೋಗುತ್ತದೆ. ಗೆಡ್ಡೆ ಮಣ್ಣಿನಲ್ಲಿ ಮಲಗಿರುತ್ತದೆ. ಮಳೆ ಬಿದ್ದಾಗ ಕವಲಿನ ತುದಿಯಲ್ಲಿರುವ ಮೊಳಕೆಯಿಂದ ಬಳ್ಳಿ ಏಳುತ್ತದೆ. ಆ ವರ್ಷ ಹಳೆಯ ಗೆಡ್ಡೆ ಕರಗಿ, ಅದರ ಸ್ಥಾನದಲ್ಲಿ ಹೊಸ ಗೆಡ್ಡೆ ಕಟ್ಟುತ್ತದೆ. ಹೆಚ್ಚೆಂದರೆ ಒಂದಿದ್ದದ್ದು ಎರಡಾಗುತ್ತದೆ. ನಮ್ಮ ಶುಂಠಿಯ ಹಾಗೆ ಒಂದು ತುಂಡಿಗೆ ಹತ್ತು ಕಣ್ಣು ಇದಕ್ಕಿಲ್ಲ. ಕವಲಿಗೆ ಒಂದೇ ಕಣ್ಣು. ಗುದ್ದಲಿ ತಾಕಿ ಆ ತುದಿ ಮುರಿದರೆ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಮೊಳೆಯುವುದಿಲ್ಲ.

ಬೀಜದಿಂದ ಬೆಳೆಸೋಣವೆಂದರೆ ಅದೂ ನಿಧಾನ. ಬೀಜದ ಸಿಪ್ಪೆ ಗಟ್ಟಿ, ಮೊಳೆಯಲು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊಳೆತ ಸಸಿ ಹೂ ಬಿಡಬೇಕಾದರೆ ಮೂರು ನಾಲ್ಕು ವರ್ಷ ಬೇಕು. ಜೊತೆಗೆ, ಹೂವಿನ ಶಲಾಕೆ ಪಕ್ಕಕ್ಕೆ ಬಾಗಿ ಕೇಸರಗಳಿಂದ ದೂರ ನಿಂತಿರುತ್ತದೆ. ಚಿಟ್ಟೆಯೋ ಹೂಹಕ್ಕಿಯೋ ಬಂದು ಪರಾಗ ಮುಟ್ಟಿಸದಿದ್ದರೆ ಕಾಯಿ ಕಟ್ಟುವುದು ಕಷ್ಟ.

ಹೀಗಿರುವಲ್ಲಿ ಒಂದು ಬೇಲಿಯಿಂದ ಒಂದು ದಿನ ಚೀಲ ತುಂಬ ಗೆಡ್ಡೆ ಅಗೆದು ಒಯ್ದರೆ, ಆ ನಷ್ಟವನ್ನು ಪ್ರಕೃತಿ ತುಂಬಿಕೊಡಲು ಎಷ್ಟು ವರ್ಷ ಬೇಕಾದೀತು, ತಾವೇ ಲೆಕ್ಕ ಹಾಕಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇಲ್ಲಿ ಸರಿಯಾಗಿ ಒಪ್ಪುತ್ತದೆ.

ವಿಷವೇ ಸರಕಾದದ್ದು

ಅಗೆದು ಒಯ್ಯುವವರು ಯಾರು, ಏತಕ್ಕೆ? ಇದಕ್ಕೊಂದು ಚರಿತ್ರೆಯಿದೆ.

ಯೂರೋಪಿನಲ್ಲಿ ಕಾಲ್ಚಿಕಂ ಎಂಬ ಇನ್ನೊಂದು ಗೆಡ್ಡೆಯ ಹೂವಿದೆ. ಕಾಲಿನ ಹೆಬ್ಬೆರಳು ಬಾತು ನೋಯುವ ಗೌಟ್ ಎಂಬ ವಾತರೋಗಕ್ಕೆ ಅಲ್ಲಿ ಅದನ್ನು ಹಿಂದಿನಿಂದಲೂ ಬಳಸುತ್ತಿದ್ದರು. 1820ರಲ್ಲಿ ಪೆಲ್ಲೆಟಿಯೆ ಮತ್ತು ಕಾವಂಟು ಎಂಬ ಫ್ರೆಂಚ್ ರಸಾಯನಜ್ಞರು ಅದರ ಸಾರವನ್ನು ಬೇರ್ಪಡಿಸಿದರು. ಇದನ್ನೇ ಕಾಲ್ಚಿಸಿನ್ ಎನ್ನುತ್ತಾರೆ. 1915ರಲ್ಲಿ ನಮ್ಮ ಗೌರಿ ಹೂವಿನ ಗೆಡ್ಡೆಯಲ್ಲಿಯೂ ಅದೇ ಕಾಲ್ಚಿಸಿನ್ ಇದೆಯೆಂದು ಇಂಗ್ಲಿಷ್ ರಸಾಯನಜ್ಞರು ಪ್ರಕಟಿಸಿದರು. ಅಂದಿನಿಂದ ಬೇಲಿಯ ಬಳ್ಳಿ ಔಷಧದ ಸರಕಾಯಿತು.

1937ರಲ್ಲಿ ಅಮೆರಿಕದ ಬ್ಲೇಕ್‌ಸ್ಲೀ ಮತ್ತು ಏವರಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಉಮ್ಮತ್ತಿಯೇ ಮೊದಲಾದ ಗಿಡಗಳ ಬೀಜಕ್ಕೋ ಚಿಗುರಿಗೋ ಕಾಲ್ಚಿಸಿನ್ ಸವರಿದರೆ, ಜೀವಕೋಶದೊಳಗಿನ ವರ್ಣತಂತುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಬೆಳೆ ಸುಧಾರಣೆಗೆ ಇದು ದೊಡ್ಡ ಸಾಧನವಾಯಿತು. ಜಪಾನಿನ ಕಿಹಾರ ಎಂಬ ವಿಜ್ಞಾನಿ ಬೀಜವಿಲ್ಲದ ಕಲ್ಲಂಗಡಿಯನ್ನು ಸೃಷ್ಟಿಸಿ 1951ರಲ್ಲಿ ಪ್ರಕಟಿಸಿದ್ದು ಇದೇ ಉಪಾಯದಿಂದ. ಸಂತೆಯಲ್ಲಿ ಬೀಜವಿಲ್ಲದ ಕಲ್ಲಂಗಡಿ ಕೊಂಡಾಗ, ಇಂಥ ಗೆಡ್ಡೆಯೊಂದರ ವಿಷದ ಋಣ ಆ ಹಣ್ಣಿನ ಮೇಲಿದೆಯೆಂದು ನೆನೆಯಬಹುದು.

ಗೆಡ್ಡೆಗಿಂತ ಬೀಜದಲ್ಲಿ ಕಾಲ್ಚಿಸಿನ್ ಹೆಚ್ಚು. ಆದುದರಿಂದ ತಮಿಳುನಾಡಿನ ಧಾರಾಪುರಂ, ಮೂಲನೂರು, ಒಡ್ಡನ್‌ಛತ್ರಂ, ವೇದಾರಣ್ಯಂ ಕಡೆಯ ರೈತರು ಇದನ್ನು ಬೀಜಕ್ಕಾಗಿಯೇ ಬೇಸಾಯ ಮಾಡುತ್ತಾರೆ. ಚಪ್ಪರ ಕಟ್ಟಿ ಬಳ್ಳಿ ಹಬ್ಬಿಸಿ, ಬೆಳಗಿನ ಹೊತ್ತು ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಬೀಜ ಹೊರದೇಶಗಳಿಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಹೊಸದಾಗಿ ತೋಟ ಎಬ್ಬಿಸುವವನಿಗೆ ನೆಡಲು ಗೆಡ್ಡೆ ಬೇಕಲ್ಲ? ಒಂದು ಎರಡಾಗುವ ಗೆಡ್ಡೆಯಿಂದ ಎಕರೆಗಟ್ಟಲೆ ನೆಡುವಷ್ಟು ಸಂಗ್ರಹಿಸುವುದು ಹೇಗೆ? ಬಹಳ ಕಾಲ ಅದಕ್ಕೆ ಸಿಕ್ಕ ಸುಲಭದ ಉತ್ತರವೆಂದರೆ ಕಾಡು ಮತ್ತು ಬೇಲಿ. ಬೇಸಾಯ ಬಂದರೆ ಕಾಡಿನ ಗಿಡ ಉಳಿಯುತ್ತದೆ ಎಂದು ಸಾಮಾನ್ಯವಾಗಿ ನಂಬುತ್ತೇವೆ. ಇಲ್ಲಿ ಬೇಸಾಯವೇ ಕಾಡಿನ ಗೆಡ್ಡೆಗೆ ಕೈಹಾಕಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಇಲ್ಲಿ ಹೊಲವೇ ಎದ್ದು ಬೇಲಿಯನ್ನು ಮೇಯ್ದಂತಾಯಿತು.

ನಮ್ಮ ಸೀಮೆಯ ಬೇಲಿ

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ಹುಣಸೂರು, ಕೋಟೆ ತಾಲ್ಲೂಕುಗಳ ಪಶ್ಚಿಮದಂಚಿನಲ್ಲಿ ನಾಗರಹೊಳೆಯ ಕಾಡಿದೆ. ಅದು 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನೊಳಗೆ ಗೌರಿ ಹೂವಿಗೆ ಕಾನೂನಿನ ಕಾವಲಿದೆ. ಕಾಡಿನ ಹೊರಗೆ ಅದಕ್ಕಿದ್ದ ಮನೆಯೆಂದರೆ ನಮ್ಮ ಹೊಲಗಳ ಜೀವಂತ ಬೇಲಿ, ಕೆರೆಯ ಏರಿ, ಹಳ್ಳದ ದಡ, ಗೋಮಾಳದ ಪೊದೆ. ಅಲ್ಲಿ ಕಾವಲು ಯಾರದು? ನಮ್ಮದೇ.

ಈ ನಾಲ್ಕು ತಾಲ್ಲೂಕುಗಳನ್ನು ಇಂದು ಹೊರಗಿನವರು ಗುರುತಿಸುವುದು ವರ್ಜೀನಿಯ ಹೊಗೆಸೊಪ್ಪಿನಿಂದ. ಕೆಂಪು ಮರಳು ಮಿಶ್ರಿತ ಹಗುರವಾದ ಭೂಮಿ, ಮುಂಗಾರಿನ ಹದವಾದ ಮಳೆ ಇದಕ್ಕೆ ಹೇಳಿಮಾಡಿಸಿದಂತಿದ್ದುವು. ಹುಣಸೂರಿನಲ್ಲಿ ಹೊಗೆಸೊಪ್ಪಿನ ಸಂಶೋಧನಾ ಕೇಂದ್ರ ಬಂತು. 1975ರ ಕಾಯಿದೆಯ ಪ್ರಕಾರ 1976ರಲ್ಲಿ ತಂಬಾಕು ಮಂಡಳಿ ಕೆಲಸ ಆರಂಭಿಸಿತು. ಆಮೇಲೆ ಹರಾಜು ಮಾರುಕಟ್ಟೆಗಳೂ ಬಂದುವು. ಮಳೆಯಾಶ್ರಿತ ಹೊಲದಿಂದ ಕೈಗೆ ನಗದು ಕಂಡದ್ದು ಈ ಬೆಳೆಯಿಂದಲೇ ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮಕ್ಕಳ ಓದು, ಮನೆಯ ಹಂಚು, ಮದುವೆ ಎಲ್ಲವೂ ಬ್ಯಾರನ್ನಿನ ಬಾಗಿಲಿನಿಂದ ಬಂದ ಸಂಸಾರಗಳು ಎಷ್ಟೋ ಇವೆ.

ಆದರೆ ಬ್ಯಾರನ್ನಿಗೆ ಸೌದೆ ಬೇಕು. ಒಂದು ಕಿಲೋ ಸೊಪ್ಪು ಹದವಾಗಬೇಕಾದರೆ ಅದರ ಹಲವು ಪಟ್ಟು ತೂಕದ ಸೌದೆ ಉರಿಯಬೇಕು. ಮೊದಲು ದೂರದ ಮರ ಹೋಯಿತು, ಆಮೇಲೆ ಹತ್ತಿರದ ಮರ, ಕೊನೆಗೆ ಬೇಲಿಯ ಸಾಲು. ಇತ್ತೀಚೆಗೆ ಶುಂಠಿಗೂ ಬಾಳೆಗೂ ಹೊಲವನ್ನು ಒಂದೇ ಹಾಸಾಗಿ ಮಾಡುವಾಗ ಜೆಸಿಬಿ ಯಂತ್ರ ಉಳಿದ ಬದುವನ್ನೂ ಬೇಲಿಯನ್ನೂ ಒಂದೇ ದಿನದಲ್ಲಿ ಸಮ ಮಾಡುತ್ತದೆ. ಕಲ್ಲುಕಂಬ, ತಂತಿಬೇಲಿ ಬರುತ್ತದೆ. ತಂತಿಬೇಲಿಯ ಕೆಳಗೆ ಕಳೆನಾಶಕ ಹೊಡೆದರೆ ಗೌರಿ ಹೂವಿಗೂ ಕಾಡೀರುಳ್ಳಿಗೂ ನೆಲವೇ ಇಲ್ಲ. ಹಬ್ಬದ ದಿನ ಹೂವಿಗಾಗಿ ಹುಡುಗರು ಎರಡು ಹೊಲ ದಾಟಿ ಹೋಗಬೇಕಾದ ಊರುಗಳು ಈಗ ಅಪರೂಪವಲ್ಲ.

ಇದರ ಜೊತೆಗೆ ಒಂದು ವಿಚಿತ್ರವನ್ನೂ ನೋಡಿ. ಸುಗಂಧರಾಜ ಮೆಕ್ಸಿಕೊ ದೇಶದ ಗೆಡ್ಡೆ. ಅದಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಎಂಬ ತಳಿಗಳು ಬಂದಿವೆ, ಮಾರುಕಟ್ಟೆಯಿದೆ, ನೆಡುವ ಗೆಡ್ಡೆ ಕೇಳಿದರೆ ಸಿಗುತ್ತದೆ. ನಮ್ಮ ನೆಲದ ಗೆಡ್ಡೆಹೂವಿಗೆ ಅಂಥ ಆರೈಕೆ ಬಹಳ ತಡವಾಗಿ, ಅದೂ ಸ್ವಲ್ಪ ಸ್ವಲ್ಪವೇ ಸಿಕ್ಕಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಳ್ಳಲ್ಲ.

ಹೊಗೆಸೊಪ್ಪು ಕಲಿಸಿದ ಪಾಠ

ಅಂಗಾಂಶ ಕೃಷಿಯ ಬಾಳೆಸಸಿಯನ್ನು ತಾವೆಲ್ಲ ನೋಡಿದ್ದೀರಿ, ಅನೇಕರು ನೆಟ್ಟೂ ಇದ್ದೀರಿ. ಕಂದು ಅಗೆದು ತರುವ ಬದಲು, ಪ್ರಯೋಗಶಾಲೆಯ ಸೀಸೆಯಲ್ಲಿ ಬೆಳೆದು ಚೀಲದಲ್ಲಿ ಬರುವ ಸಸಿ. ಆ ವಿದ್ಯೆ ಹುಟ್ಟಿದ ಬಗೆಯನ್ನು ಕೇಳಿ.

1902ರಲ್ಲಿ ಹಾಬರ್‌ಲಾಂಟ್ ಎಂಬ ಜರ್ಮನ್ ಭಾಷೆಯ ವಿದ್ವಾಂಸನು, ಗಿಡದಿಂದ ತೆಗೆದ ಬಿಡಿ ಜೀವಕೋಶವನ್ನು ತಕ್ಕ ಆಹಾರವಿಟ್ಟು ಸಾಕಿದರೆ ಅದು ಇಡೀ ಗಿಡವಾಗಬಲ್ಲದು ಎಂದು ಊಹಿಸಿದನು. ಅವನ ಪ್ರಯೋಗ ಫಲಿಸಲಿಲ್ಲ, ಊಹೆ ಉಳಿಯಿತು. 1939ರಲ್ಲಿ ಫ್ರಾನ್ಸಿನ ಗೋತೆರೆ ಮತ್ತು ನೊಬೆಕೂರ್ ಕ್ಯಾರೆಟ್ಟಿನ ಅಂಗಾಂಶವನ್ನೂ, ಅಮೆರಿಕದ ವೈಟ್ ಎಂಬುವನು ಹೊಗೆಸೊಪ್ಪಿನ ಒಂದು ಮಿಶ್ರ ತಳಿಯ ಅಂಗಾಂಶವನ್ನೂ ಸೀಸೆಯಲ್ಲಿ ನಿರಂತರವಾಗಿ ಬೆಳೆಸಿದರು. ಆದರೆ ಅದು ಬರಿಯ ಮುದ್ದೆ. ಮುದ್ದೆಯಿಂದ ಬೇರು ಚಿಗುರು ಬರಿಸುವುದು ಹೇಗೆ?

ಇಲ್ಲಿ ನಮ್ಮ ತೆಂಗೂ ಒಂದು ಕೈ ಹಾಕಿತು. 1941ರಲ್ಲಿ ವಾನ್ ಓವರ್‌ಬೇಕ್ ಎಂಬುವನು ಉಮ್ಮತ್ತಿಯ ಎಳೆಯ ಭ್ರೂಣಗಳಿಗೆ ತೆಂಗಿನಕಾಯಿಯ ನೀರು ಕೊಟ್ಟಾಗ ಅವು ಚೆನ್ನಾಗಿ ಬೆಳೆದುವು. ಕಾಲ್ಚಿಸಿನ್ ಪ್ರಯೋಗ ಮಾಡಿದ ಬ್ಲೇಕ್‌ಸ್ಲೀ ಈ ಕೆಲಸದಲ್ಲಿಯೂ ಪಾಲುದಾರ. ಎಳೆಯ ಕಾಯಿಯ ನೀರಿನಲ್ಲಿ ಜೀವಕೋಶವನ್ನು ಒಡೆಯಿಸಿ ಬೆಳೆಸುವ ಯಾವುದೋ ಪದಾರ್ಥವಿದೆಯೆಂದು ತಿಳಿಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬುವರು ಹೊಗೆಸೊಪ್ಪಿನ ಕಾಂಡದ ತಿರುಳನ್ನು ಇಟ್ಟುಕೊಂಡು ಅಂಥ ಪದಾರ್ಥವನ್ನು ಹುಡುಕುತ್ತಾ 1955ರಲ್ಲಿ ಕೈನೆಟಿನ್ ಎಂಬುದನ್ನು ಕಂಡುಹಿಡಿದರು. 1957ರಲ್ಲಿ ಅವರೇ ಮುಖ್ಯವಾದ ಸೂತ್ರವನ್ನು ಪ್ರಕಟಿಸಿದರು. ಆಹಾರದಲ್ಲಿ ಆಕ್ಸಿನ್ ಎಂಬ ಚೋದಕ ಹೆಚ್ಚಿದ್ದರೆ ತಿರುಳು ಬೇರು ಬಿಡುತ್ತದೆ; ಕೈನೆಟಿನ್ ಹೆಚ್ಚಿದ್ದರೆ ಚಿಗುರು ಬಿಡುತ್ತದೆ. ಎರಡರ ಪ್ರಮಾಣ ನಡುವೆ ಇದ್ದರೆ ಮುದ್ದೆಯಾಗಿಯೇ ಇರುತ್ತದೆ. ಅಂಗಾಂಶ ಕೃಷಿಯ ಬೀಗದ ಕೈ ಸಿಕ್ಕಿದ್ದು ಇಲ್ಲಿ.

ಸ್ಕೂಗ್ ಅವರ ಶಿಷ್ಯ ಮುರಾಶಿಗೆ ಎಂಬುವರು ಹೊಗೆಸೊಪ್ಪಿನ ಎಲೆಯ ರಸವನ್ನು ಆಹಾರಕ್ಕೆ ಸೇರಿಸಿ ನೋಡಿದರು. ತಿರುಳು ಎಂದಿಗಿಂತ ಹುಲುಸಾಗಿ ಬೆಳೆಯಿತು. ಏನೋ ಹೊಸ ಚೋದಕ ಸಿಕ್ಕಿತೆಂದು ಶೋಧಿಸಿದರೆ, ಕಾರಣ ಎಲೆಯಲ್ಲಿದ್ದ ಸಾರಜನಕ, ಪೊಟ್ಯಾಷ್ ಮೊದಲಾದ ಲವಣಗಳು! ಗಿಡಕ್ಕೆ ಬೇಕಾದದ್ದು ಸರಿಯಾದ ಗೊಬ್ಬರ, ಅಷ್ಟೇ. ಆ ಲವಣಗಳನ್ನೆಲ್ಲ ತೂಗಿ ಅಳೆದು 1962ರಲ್ಲಿ ಅವರಿಬ್ಬರು ಒಂದು ಆಹಾರದ ಪಾಕವನ್ನು ಪ್ರಕಟಿಸಿದರು. ಮುರಾಶಿಗೆ–ಸ್ಕೂಗ್ ಮಾಧ್ಯಮವೆಂದು ಅದರ ಹೆಸರು. ಬಾಳೆಯಿರಲಿ, ಕಬ್ಬಿರಲಿ, ಗೌರಿ ಹೂವಿರಲಿ, ಇಂದು ಹೆಚ್ಚಿನ ಪ್ರಯೋಗಶಾಲೆಗಳಲ್ಲಿ ಸೀಸೆಗೆ ಹೊಯ್ಯುವುದು ಅದನ್ನೇ.

ನಮ್ಮವರೂ ಹಿಂದೆ ಬೀಳಲಿಲ್ಲ. 1964ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಸಿಪ್ರಾ ಗುಹಾ ಮತ್ತು ಮಹೇಶ್ವರಿ ಅವರು ಉಮ್ಮತ್ತಿಯ ಪರಾಗಕೋಶದಿಂದಲೇ ಸಸಿ ಹುಟ್ಟಿಸಿ ಜಗತ್ತಿಗೆ ಹೊಸ ದಾರಿ ತೋರಿಸಿದರು. 1965ರಲ್ಲಿ ವಿಮ್ಲಾ ವಾಸಿಲ್ ಎಂಬ ಭಾರತೀಯ ಮಹಿಳೆ ವಿಸ್ಕಾನ್ಸಿನ್ನಿನ ಹಿಲ್ಡೆಬ್ರಾಂಟ್ ಅವರ ಜೊತೆ ಹೊಗೆಸೊಪ್ಪಿನ ಒಂದೇ ಒಂದು ಬಿಡಿ ಜೀವಕೋಶವನ್ನು ಇಡೀ ಗಿಡವಾಗಿ ಬೆಳೆಸಿ ತೋರಿಸಿದರು. ಹಾಬರ್‌ಲಾಂಟನ ಊಹೆ ಅರವತ್ತಮೂರು ವರ್ಷಗಳ ಮೇಲೆ ಹೊಗೆಸೊಪ್ಪಿನಲ್ಲಿ ನಿಜವಾಯಿತು.

ಸೀಸೆಗೆ ಬಂದ ಗೆಡ್ಡೆ

ಗೆಡ್ಡೆಯ ಹೂಗಳಿಗೆ ಈ ವಿದ್ಯೆ ತಾಗಿದ್ದೂ ಅದೇ ಕಾಲದಲ್ಲಿ. 1957ರಲ್ಲಿ ರಾಬ್ ಎಂಬ ವಿಜ್ಞಾನಿ ಲಿಲ್ಲಿ ಹೂವಿನ ಗೆಡ್ಡೆಯ ಎಸಳುಗಳನ್ನು ಸೀಸೆಯಲ್ಲಿ ಬೆಳೆಸಿದ ವರದಿ ಬಂತು. ಗೌರಿ ಹೂವಿನ ಸರದಿ ಬಂದದ್ದು 1989ರಲ್ಲಿ. ಆ ಒಂದೇ ವರ್ಷದಲ್ಲಿ ದಕ್ಷಿಣ ಆಫ್ರಿಕದ ಫಿನಿ ಮತ್ತು ವಾನ್ ಸ್ಟಾಡನ್ ಅವರೂ, ನಮ್ಮ ದೇಶದಲ್ಲಿ ಸೋಮಾನಿ, ಜಾನ್, ಥೇಂಗಣೆ ಎಂಬುವರೂ ಇದನ್ನು ಸೀಸೆಯಲ್ಲಿ ಬೆಳೆಸಿ ಗೆಡ್ಡೆ ಕಟ್ಟಿಸಿದ ವರದಿಗಳನ್ನು ಪ್ರಕಟಿಸಿದರು. 1994ರಲ್ಲಿ ಹಾಲೆಂಡಿನವರು ಹೂವಿನ ವ್ಯಾಪಾರದ ದೃಷ್ಟಿಯಿಂದ ಇದರ ಕ್ರಮವನ್ನು ಇನ್ನಷ್ಟು ಸುಧಾರಿಸಿದರು.

ನಮ್ಮ ಮೈಸೂರಿನಲ್ಲಿಯೇ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರು ತಮಗೆ ಗೊತ್ತು. ಅದೂ ಬೆಟ್ಟದ ಬಂಡೆಯ ಸಂದಿನಿಂದ ಅಗೆದು ತರುವ ಗೆಡ್ಡೆಬೇರು. ಅಗೆದರೆ ಬಳ್ಳಿ ಹೋಯಿತು. ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರವಿಜ್ಞಾನ ಸಂಶೋಧನಾ ಸಂಸ್ಥೆಯ ಸಸ್ಯಕೋಶ ವಿಭಾಗದ ವಿಜ್ಞಾನಿಗಳು ಆ ಬಳ್ಳಿಯ ಕಂಕುಳ ಮೊಗ್ಗಿನಿಂದ ಸೀಸೆಯಲ್ಲಿ ಸಸಿ ಎಬ್ಬಿಸುವ ಕ್ರಮವನ್ನು 2000ದಲ್ಲಿ ಪ್ರಕಟಿಸಿದರು. ಅಗೆದು ತಿನ್ನುವ ಗಿಡವನ್ನು ಬೆಳೆದು ತಿನ್ನುವಂತೆ ಮಾಡಬೇಕೆಂಬುದೇ ಇಂಥ ಕೆಲಸದ ಗುರಿ.

ಗೌರಿ ಹೂವಿಗೆ ಮಾಡುವ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು ಗೆಡ್ಡೆಯ ತುದಿಯ ಮೊಳಕೆಯನ್ನು ಕತ್ತರಿಸಿ ತೊಳೆದು, ಔಷಧದ ನೀರಿನಲ್ಲಿ ಅದ್ದಿ ರೋಗಾಣುಗಳನ್ನು ಕಳೆಯುತ್ತಾರೆ. ಮಣ್ಣಿನಲ್ಲಿದ್ದ ಗೆಡ್ಡೆಯಾದ್ದರಿಂದ ಬೂಷ್ಟಿನ ಕಾಟ ಹೆಚ್ಚು; ಅರ್ಧಕ್ಕರ್ಧ ಸೀಸೆ ಕೆಡುವುದೂ ಉಂಟು. ಉಳಿದ ಮೊಳಕೆಯನ್ನು ಕಡಲಪಾಚಿಯ ಅಗಾರ್ ಹಾಕಿ ಗಟ್ಟಿ ಮಾಡಿದ ಮಾಧ್ಯಮದ ಮೇಲೆ ಕೂರಿಸಿ, ಬೆಳಕು ಮತ್ತು ಶಾಖ ಹದವಾಗಿರುವ ಕೋಣೆಯಲ್ಲಿಡುತ್ತಾರೆ. ಚಿಗುರಿಸುವ ಚೋದಕದಿಂದ ಒಂದು ಮೊಳಕೆ ಹಲವಾಗುತ್ತದೆ. ಅವನ್ನು ಬಿಡಿಸಿ ಮತ್ತೆ ಕೂರಿಸಿದರೆ ಮತ್ತೆ ಹಲವು. ಆಮೇಲೆ ಬೇರು ಬರಿಸಿ, ಹುರುಳಿಕಾಳಿನಷ್ಟೋ ಕಡಲೆಯಷ್ಟೋ ಗಾತ್ರದ ಎಳೆಗೆಡ್ಡೆ ಕಟ್ಟಿಸಿ, ನೆರಳುಮನೆಯಲ್ಲಿ ದಿನದಿನಕ್ಕೆ ಗಾಳಿ ಬಿಸಿಲಿನ ರೂಢಿ ಮಾಡಿಸಿ ಹೊರಗೆ ತರುತ್ತಾರೆ. ಒಂದು ಎರಡಾಗಲು ವರ್ಷ ಬೇಕಾದ ಕಡೆ, ಬೇಲಿಯಿಂದ ಒಂದೆರಡು ಮೊಳಕೆ ತಂದರೆ ಸಾಕು, ಸಾವಿರಕ್ಕೆ ದಾರಿಯಾಗುತ್ತದೆ.

ಸೀಸೆಯಿಂದ ಆಗದ ಕೆಲಸ

ಹಾಗಾದರೆ ಚಿಂತೆಯಿಲ್ಲ, ಬೇಲಿ ಹೋದರೆ ಹೋಗಲಿ, ಸೀಸೆಯಲ್ಲಿ ಗಿಡವಿದೆಯಲ್ಲ ಎನ್ನಬಾರದು. ಇದಕ್ಕೆ ಕಾರಣವನ್ನು ನಮ್ಮ ಜಿಲ್ಲೆಯ ನಂಜನಗೂಡಿನ ರಸಬಾಳೆಯೇ ಹೇಳುತ್ತದೆ. ಬಾಳೆ ಕಂದಿನಿಂದ ಬೆಳೆಯುವ ಗಿಡ. ತಾಯಿಯ ಗುಣವೇ ಕಂದಿಗೆ, ಕಂದಿನ ಗುಣವೇ ಅದರ ಕಂದಿಗೆ. ಪನಾಮ ಸೊರಗು ರೋಗ ಬಂದಾಗ ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವ ಗಿಡಕ್ಕೂ ಇರಲಿಲ್ಲ. ತೋಟಕ್ಕೆ ತೋಟವೇ ಹೋಗಿ, ಹೆಸರಾಂತ ಹಣ್ಣು ಕೈಬೆರಳೆಣಿಕೆಯ ಹೊಲಗಳಿಗೆ ಇಳಿಯಿತು. ಸೀಸೆಯ ಸಸಿಗೂ ಇದೇ ಮಾತು. ಒಂದು ತಾಯಿಯಿಂದ ಸಾವಿರ ಸಸಿ ತೆಗೆದರೆ ಗಿಡ ಸಾವಿರ, ಜಾತಕ ಒಂದೇ.

ಬೇಲಿಯ ಗೌರಿ ಹೂವಿನ ಸಂಗತಿ ಬೇರೆ. ಕೋಟೆಯ ಕಾಡಂಚಿನ ಬಳ್ಳಿ, ಕೃಷ್ಣರಾಜನಗರದ ನಾಲೆಯ ಏರಿಯ ಬಳ್ಳಿ, ಪಿರಿಯಾಪಟ್ಟಣದ ಮಳೆ ಹೆಚ್ಚಿರುವ ಕಡೆಯ ಬಳ್ಳಿ, ಇವೆಲ್ಲ ಬೀಜದಿಂದ ಬಂದು, ಆಯಾ ನೆಲಕ್ಕೆ ಹೊಂದಿಕೊಂಡಂಥವು. ಯಾವುದರಲ್ಲಿ ಬರ ತಡೆಯುವ ಗುಣವಿದೆಯೋ, ಯಾವುದರಲ್ಲಿ ಕೊಳೆರೋಗ ತಡೆಯುವ ಗುಣವಿದೆಯೋ ಮುಂದೆ ಬೇಕಾದಾಗ ಹುಡುಕಬೇಕು. ಹುಡುಕಲು ಅವು ಇರಬೇಕಷ್ಟೆ. ಪ್ರಯೋಗಶಾಲೆ ಮಾಡಬಲ್ಲ ಉಪಕಾರವೆಂದರೆ, ನೆಡುವವರಿಗೆ ಬೇಕಾದ ಗೆಡ್ಡೆಯನ್ನು ತಾನು ಒದಗಿಸಿ ಬೇಲಿಯ ಮೇಲಿನ ಗುದ್ದಲಿಯನ್ನು ತಡೆಯುವುದು. ಬೇಲಿಯನ್ನು ಉಳಿಸುವ ಕೆಲಸ ನಮ್ಮ ಪಾಲಿನದು.

ನಾವು ಮಾಡಬಹುದಾದದ್ದು

ಮೊದಲ ಮಾತು ಎಚ್ಚರಿಕೆಯದು. ಈ ಗಿಡದ ಎಲ್ಲ ಭಾಗವೂ ವಿಷ. ಗೆಡ್ಡೆ ಮತ್ತು ಬೀಜ ಹೆಚ್ಚು ವಿಷ. ಗೆಡ್ಡೆ ಗೆಣಸಿನಂತೆ ಕಾಣುವುದರಿಂದ ಸಿಂಹಳದಲ್ಲಿ ಗೆಣಸೆಂದು ಬೇಯಿಸಿ ತಿಂದು ಸತ್ತವರ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಬೇಯಿಸಿದರೆ ವಿಷ ಹೋಗುವುದಿಲ್ಲ. ತಿಂದ ಕೆಲವು ಗಂಟೆಗಳ ಮೇಲೆ ವಾಂತಿ, ಭೇದಿ ಹಿಡಿದು, ಆಮೇಲೆ ರಕ್ತ, ಮೂತ್ರಪಿಂಡ, ಹೃದಯ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಕಾಡುಗೆಣಸು ಅಗೆಯುವ ಹಾಡಿಗಳಲ್ಲಿ ಹಿರಿಯರಿಗೆ ಗುರುತು ಗೊತ್ತಿರುತ್ತದೆ, ಮಕ್ಕಳಿಗೆ ತೋರಿಸಿಕೊಡಬೇಕು. ಹೆರಿಗೆಗೆ, ಬಸಿರು ಇಳಿಸಲು, ಮಂಡಿನೋವಿಗೆ ಎಂದು ಮನೆಮದ್ದು ಮಾಡಲೇಬಾರದು. ಯಾರಾದರೂ ತಿಂದರೆಂದು ಅನುಮಾನ ಬಂದರೂ ಸಾಕು, ವಾಂತಿಯಾಗಲಿ ನೋಡೋಣ ಎಂದು ಕಾಯದೆ, ಆ ಗೆಡ್ಡೆಯ ತುಂಡನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ.

ಎರಡನೆಯದು, ಗೆಡ್ಡೆ ಕೊಳ್ಳಲು ಯಾರಾದರೂ ದಲ್ಲಾಳಿ ಊರಿಗೆ ಬಂದರೆ ಕಾಡಿನಿಂದಾಗಲಿ ಬೇಲಿಯಿಂದಾಗಲಿ ಅಗೆದು ಕೊಡಬೇಡಿ. ರಾಷ್ಟ್ರೀಯ ಉದ್ಯಾನದೊಳಗಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಹೊರಗಿನದೂ ಒಮ್ಮೆ ಹೋದರೆ ಮುಂದಿನ ವರ್ಷಕ್ಕೆ ಏನೂ ಉಳಿಯದು. ಈಗ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಪುಸ್ತಕ ಇರಬೇಕು. ತಮ್ಮ ಪಂಚಾಯಿತಿಯ ಪುಸ್ತಕದಲ್ಲಿ ಗೌರಿ ಹೂ, ಕಾಡೀರುಳ್ಳಿ, ಮಾಕಳಿ ಬೇರು ಬರೆದಿದೆಯೇ ಎಂದು ಒಮ್ಮೆ ಕೇಳಿ ನೋಡಿ. ಬರೆದಿಲ್ಲವಾದರೆ ಬರೆಸಿ.

ಮೂರನೆಯದು, ಬೇಲಿ ತೆಗೆಯಲೇಬೇಕಾದರೆ ಬೇಸಿಗೆಯಲ್ಲಿ, ಗೆಡ್ಡೆ ಮಲಗಿರುವಾಗ ತೆಗೆಯಿರಿ. ಕಳೆದ ಮಳೆಗಾಲದಲ್ಲಿ ಬಳ್ಳಿ ಇದ್ದ ಜಾಗಕ್ಕೆ ಮೊದಲೇ ಗೂಟ ನೆಟ್ಟಿರಿ. ಕೈಗೆ ಚೀಲ ಸುತ್ತಿಕೊಂಡು, ತುದಿ ಮುರಿಯದಂತೆ ಗೆಡ್ಡೆಯನ್ನು ಎತ್ತಿ, ನೀರು ನಿಲ್ಲದ ಇನ್ನೊಂದು ಬದುವಿನಲ್ಲಿ ನಾಲ್ಕು ಬೆರಳು ಆಳಕ್ಕೆ ಅಡ್ಡಲಾಗಿ ಮಲಗಿಸಿ ಮಣ್ಣು ಮುಚ್ಚಿ. ಹತ್ತಲು ಒಂದು ಕಡ್ಡಿಯೋ ಪೊದೆಯೋ ಇದ್ದರೆ ಸಾಕು. ದನ ಮೇಯುವ ಕಡೆ ಮಾತ್ರ ಬೇಡ.

ನಾಲ್ಕನೆಯದು, ಹಬ್ಬಕ್ಕೆ ಹೂ ಕೊಯ್ಯುವಾಗ ಬಳ್ಳಿಗೆ ಒಂದೆರಡು ಹೂವನ್ನಾದರೂ ಬಿಡಿ. ಕಾಯಿ ಒಡೆದು ಕೆಂಪು ಬೀಜ ಕಂಡಾಗ ಅದನ್ನು ಅದೇ ಬೇಲಿಯ ಬುಡಕ್ಕೆ ಉದುರಿಸಿ. ಮೂರು ನಾಲ್ಕು ವರ್ಷ ಕಾಯುವ ತಾಳ್ಮೆ ನಮಗೆ ಹೊಸದಲ್ಲ. ತೆಂಗಿಗೂ ಹಲಸಿಗೂ ಅದಕ್ಕಿಂತ ಹೆಚ್ಚು ಕಾದಿದ್ದೇವೆ.

ಐದನೆಯದು ಬೇಸಾಯದ ಮಾತು. ಸಿಗರೇಟಿನ ಮೇಲೆ ಜಗತ್ತಿನಾದ್ಯಂತ ಕಟ್ಟುಪಾಡು ಬಿಗಿಯಾಗುತ್ತಿದೆ. ಹೊಗೆಸೊಪ್ಪಿಗೆ ಬದಲು ಏನು ಎಂಬ ಪ್ರಶ್ನೆ ನಮ್ಮ ಎಲ್ಲರ ಜಗಲಿಯ ಮೇಲೂ ಕೂತಿದೆ. ಗೌರಿ ಹೂವನ್ನು ಬೀಜಕ್ಕಾಗಿ ಬೆಳೆದರೆ ಹೇಗೆ ಎಂದು ಕೇಳುವವರಿದ್ದಾರೆ. ಬೆಳೆಯಬಹುದು, ನೆಲವೂ ಮಳೆಯೂ ಒಗ್ಗುತ್ತವೆ. ಆದರೆ ಕೊಳ್ಳುವವರು ಕೆಲವೇ ಮಂದಿ, ಬೆಲೆ ಏರಿಳಿತ ಬಹಳ, ಚಪ್ಪರಕ್ಕೂ ಕೂಲಿಗೂ ಮೊದಲೇ ಹಣ ಹಾಕಬೇಕು. ಕೊಳ್ಳುವವರೊಡನೆ ಬರಹದಲ್ಲಿ ಒಪ್ಪಂದವಾಗದೆ, ಪ್ರಯೋಗಶಾಲೆಯದೋ ಬೇಸಾಯಗಾರರದೋ ಗೆಡ್ಡೆ ಸಿಗದೆ ಕೈಹಾಕಬೇಡಿ. ಮೊದಲು ಎರಡು ಮೂರು ಗುಂಟೆಯಲ್ಲಿ ನೋಡಿ, ಲೆಕ್ಕ ಬರೆದಿಟ್ಟು, ಆಮೇಲೆ ಯೋಚಿಸಿ. ಬೇಲಿಯ ಗೆಡ್ಡೆ ಅಗೆದು ತೋಟ ಮಾಡುವುದಾದರೆ ಮಾಡದಿರುವುದೇ ಲೇಸು.

ಈ ಚರಿತ್ರೆಯಲ್ಲಿ ಹೊಗೆಸೊಪ್ಪು ಎರಡು ಕಡೆ ಬಂತು. ಅದರ ಬ್ಯಾರನ್ನಿಗೆ ನಮ್ಮ ಬೇಲಿಯ ಒಂದು ಪಾಲು ಉರಿದುಹೋಯಿತು; ಅದರ ಕಾಂಡದ ತಿರುಳು ಬೇಲಿಯ ಹೂವನ್ನು ಹೆಚ್ಚಿಸುವ ವಿದ್ಯೆಯನ್ನೂ ಕೊಟ್ಟಿತು. ಗಿಡದಲ್ಲಿ ತಪ್ಪಿಲ್ಲ, ಪುಣ್ಯವೂ ಇಲ್ಲ. ಬಳಸುವ ಕೈಯಲ್ಲಿದೆ. ತಮ್ಮ ಹೊಲದ ಸುತ್ತ ಜೀವಂತ ಬೇಲಿ ಎಷ್ಟು ಮಾರು ಉಳಿದಿದೆ, ಅದರಲ್ಲಿ ಗೌರಿ ಹೂ ಎಷ್ಟು ಕಡೆ ಇದೆ ಎಂದು ಬರುವ ಭಾದ್ರಪದದಲ್ಲಿ ಒಂದು ಸುತ್ತು ಬಂದು ಎಣಿಸಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಎಣಿಸಿದ ಲೆಕ್ಕವನ್ನು ಮನೆಯ ಪಂಚಾಂಗದ ಹಿಂದಿನ ಹಾಳೆಯಲ್ಲಿ ಬರೆದಿಡಿ. ಮರುವರ್ಷ ಅದು ಕಡಿಮೆಯಾಗದಂತೆ ನೋಡಿಕೊಂಡರೆ ಅಷ್ಟೇ ದೊಡ್ಡ ಕೆಲಸ.